ರೆನ್ವಿರಾ ಸತ್ತದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ

ಐವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಬಸ್ಸಿನಲ್ಲಿ ಕುಳಿತು ಅತ್ತರೆ ನೋಡುವವರು ಮೊದಲು ಅವಳ ಗಂಡನ ಬಗ್ಗೆ ಯೋಚಿಸುತ್ತಾರೆ, ಆಮೇಲೆ ಮಕ್ಕಳ ಬಗ್ಗೆ, ಕೊನೆಗೆ ಅವಳ ಆರೋಗ್ಯದ ಬಗ್ಗೆ. ಪುಸ್ತಕದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅದರಲ್ಲೂ ರಕ್ಷಾಪುಟದ ಮೇಲೆ ಕೂದಲು ಹಾರಿಸಿಕೊಂಡು ಕಂದೀಲು ಎತ್ತಿ ಹಿಡಿದ ಹದಿನೇಳರ ಹುಡುಗಿಯ ಚಿತ್ರವಿದ್ದು, ಹಿಂಬದಿಯಲ್ಲಿ ಹದಿಮೂರು ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುವ ಪುಸ್ತಕವಾದರಂತೂ ಮುಗಿದೇ ಹೋಯಿತು. ನಾನು ಹದಿಮೂರು ದಾಟಿ ಮೂವತ್ತೈದು ವರ್ಷವಾಗಿದೆ, ಆದ್ದರಿಂದ ನಿಯಮದ ಪ್ರಕಾರ ನನಗೆ ಯಾವ ಅಡ್ಡಿಯೂ ಇಲ್ಲ. ಆದರೂ ನಾಚಿಕೆ ಎಂಬುದೊಂದು ಇದೆಯಲ್ಲ! ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಬೈಂಡ್ ಹಾಕಿ, ನೋಡಿದವರು ಪ್ರಾರ್ಥನೆಯ ಪುಸ್ತಕವೆಂದು ತಿಳಿಯಲಿ ಎಂದು ಏರ್ಪಾಡು ಮಾಡಿಕೊಂಡಿದ್ದೆ. ಆರುನೂರು ಪುಟದ ಪ್ರಾರ್ಥನೆಯ ಪುಸ್ತಕವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದು ಓದುವ ನನ್ನ ಬಗ್ಗೆ ಉಡುಪಿ ಕಾಪು ನಡುವಿನ ಪ್ರಯಾಣಿಕರಲ್ಲಿ ಸ್ವಲ್ಪ ಗೌರವವೂ ಹುಟ್ಟಿತ್ತು. ಒಬ್ಬ ಅಜ್ಜಿ ತನ್ನ ಮೊಣಕಾಲಿನ ನೋವಿಗೂ ಪ್ರಾರ್ಥಿಸಲು ಹೇಳಿ ಇಳಿದು ಹೋದರು.

ಈ ಹುಚ್ಚು ಅಂಟಿಕೊಂಡದ್ದು ಕರ್ತವ್ಯನಿಷ್ಠೆಯಿಂದ. ನಾನು ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಮಕ್ಕಳು ಪುಸ್ತಕ ಹಿಂದೆ ಕೊಟ್ಟಾಗ ಸುಮ್ಮನೆ ಕಪಾಟಿಗೆ ಸೇರಿಸುವ ಜಾತಿ ನಾನಲ್ಲ. ಹಾಳೆ ಹರಿದಿದೆಯೇ, ಪೆನ್ನಿನ ಗೆರೆ ಇದೆಯೇ, ಚಟ್ನಿ ಬಿದ್ದಿದೆಯೇ ಎಂದು ಪುಟ ಪುಟ ತಿರುವಿ ನೋಡುತ್ತೇನೆ. ಹೀಗೆ ಒಂದು ದಿನ ತಿರುವುವಾಗ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯ ನಡುವೆ ಎರಡು ಹಾಳೆಗಳು ನೀರು ಕುಡಿದು ಸುಕ್ಕಾಗಿದ್ದುವು. ಕೊಡಲು ಬಂದ ಹುಡುಗಿಯನ್ನು ಗದರಿಸಿ, “ಮಳೆಯಲ್ಲಿ ನೆನೆಸಿದ್ದಾ?” ಎಂದು ಕೇಳಿದೆ. ಆಕೆ ತಲೆ ತಗ್ಗಿಸಿ, “ಇಲ್ಲ ಮೇಡಂ, ಅತ್ತದ್ದು” ಎಂದಳು. ಇಪ್ಪತ್ತು ವರ್ಷದ ಸೇವೆಯಲ್ಲಿ ಇಂಥ ಉತ್ತರ ನನಗೆ ಸಿಕ್ಕಿರಲಿಲ್ಲ. ಅಳುವಂಥದ್ದು ಎಂತ ಉಂಟು ನೋಡುವ ಎಂದು ಆ ಎರಡು ಪುಟ ಓದಿದೆ. ಹಿಂದಿನದು ತಿಳಿಯದೆ ಅರ್ಥವಾಗಲಿಲ್ಲ ಎಂದು ಹಿಂದಕ್ಕೆ ಹೋದೆ. ಹೀಗೆ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಮೊದಲನೆಯ ಪುಟಕ್ಕೆ ಬಂದು ನಿಂತಾಗ ಮಧ್ಯಾಹ್ನದ ಊಟದ ಹೊತ್ತು ಕಳೆದು, ನನ್ನ ಡಬ್ಬಿಯ ಮೀನುಸಾರು ತಣ್ಣಗಾಗಿತ್ತು.

ಮೂರು ಭಾಗದ ಕಥೆ ಅದು. ರೆನ್ವಿರಾ ಎಂಬವಳು ದೀಪಸ್ತಂಭ ಕಾಯುವವನ ಮಗಳು. ಗಾಳಿಗಳು ಅವಳ ಮಾತು ಕೇಳುತ್ತವೆ. ಕಡಲನ್ನೆಲ್ಲ ಮಂಜಿನಿಂದ ಮುಚ್ಚಿ ಹಡಗುಗಳನ್ನು ಕಾಣೆಯಾಗಿಸುವ ಒಬ್ಬಳು ಕಪ್ಪು ರಾಣಿ ಇದ್ದಾಳೆ. ರೆನ್ವಿರಾಳನ್ನು ಪ್ರೀತಿಸುವ ಇಬ್ಬರು ಹುಡುಗರೂ ಇದ್ದಾರೆ, ಇಂಥ ಕಥೆಗಳಲ್ಲಿ ಇಬ್ಬರಿಗಿಂತ ಕಡಿಮೆ ಇರುವ ಪದ್ಧತಿ ಇಲ್ಲವಂತೆ. ಒಬ್ಬ ರಾಜ್ಯ ಕಳೆದುಕೊಂಡ ರಾಜಕುಮಾರ ಕೇಲನ್, ಇನ್ನೊಬ್ಬ ದೋಣಿ ಕಟ್ಟುವ ಬೋರಿಕ್. ಇಷ್ಟು ಹೇಳಿದರೆ ನಿಮಗೆ ನಗು ಬರಬಹುದು. ನನಗೂ ಬಂದಿತ್ತು. ಆದರೆ ಮೊದಲನೆಯ ಭಾಗವನ್ನು ನಾಲ್ಕು ದಿನದಲ್ಲಿ, ಎರಡನೆಯದನ್ನು ಮೂರು ದಿನದಲ್ಲಿ ಮುಗಿಸಿದ ಮೇಲೆ ನಗುವ ಅಧಿಕಾರ ನನಗಿರಲಿಲ್ಲ.

ನಾನೊಬ್ಬಳೇ ಹಾಳಾಗಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಜೊತೆಗೆ ಅತ್ತೆಯನ್ನೂ ಹಾಳು ಮಾಡಿದೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ ನಮ್ಮದು, ಅತ್ತೆಯನ್ನು ನಾವು ಮಾಂಯ್ ಎಂದು ಕರೆಯುತ್ತೇವೆ. ಮಾಂಯ್‌ಗೆ ಆಗ ತಾನೇ ಕಣ್ಣಿನ ಪೊರೆಯ ಆಪರೇಷನ್ ಆಗಿ, ಕೆಲವು ವಾರ ಟಿವಿ ನೋಡಬಾರದೆಂದು ಡಾಕ್ಟರು ಹೇಳಿದ್ದರು. ಸಂಜೆಯ ಜಪಮಾಲೆ ಮುಗಿದ ಕೂಡಲೇ ಸೀರಿಯಲ್ಲಿಗೆ ಕುಳಿತುಕೊಳ್ಳುವ ಅಭ್ಯಾಸದವರು, ಕಪ್ಪು ಕನ್ನಡಕ ಹಾಕಿಕೊಂಡು ಮುಚ್ಚಿದ ಟಿವಿಯ ಎದುರು ಕುಳಿತು ನಿಟ್ಟುಸಿರು ಬಿಡುತ್ತಿದ್ದರು. ಕನಿಕರದಿಂದ ಒಂದು ಸಂಜೆ ರೆನ್ವಿರಾಳ ಕಥೆ ಹೇಳಿದೆ. ಮರುದಿನ ಜಪಮಾಲೆ ಎಂದಿಗಿಂತ ಐದು ನಿಮಿಷ ಬೇಗ ಮುಗಿಯಿತು. ಕಣ್ಣು ಸರಿಯಾದ ಮೇಲೂ ಟಿವಿಯ ಕಡೆಗೆ ಅವರು ತಿರುಗಿ ನೋಡಲಿಲ್ಲ. ಅಮ್ಮ ಈಗ ಸೀರಿಯಲ್ಲಿನ ಸೊಸೆಯರಿಗೆ ಬೈಯುವುದು ನಿಂತಿದೆ, ಕಥೆ ಮಾತ್ರ ನಿಲ್ಲಿಸಬೇಡ ಎಂದು ನನ್ನ ಗಂಡ ಅಡುಗೆಮನೆಗೆ ಬಂದು ಗುಟ್ಟಾಗಿ ಹೇಳಿಹೋದರು. ಪ್ರತಿದಿನ ಬೆಳಿಗ್ಗೆ ಮಾಂಯ್ ಕಾರ್ಕಳದಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿ ಹಿಂದಿನ ಸಂಜೆಯ ಕಥೆಯನ್ನು ಪೂರ್ತಿ ಒಪ್ಪಿಸುತ್ತಿದ್ದರು. ಹೀಗೆ ಒಂದು ಪುಸ್ತಕಕ್ಕೆ ಎರಡು ತಾಲೂಕಿನಲ್ಲಿ ಓದುಗರಾದರು.

ಮಾಂಯ್ ಕಥೆ ಕೇಳುವ ರೀತಿಯೇ ಬೇರೆ. ದೀಪಸ್ತಂಭ ಅಂದ ಕೂಡಲೇ ಅದು ನಮ್ಮ ಕಾಪುವಿನದ್ದೇ ಎಂದು ತೀರ್ಮಾನವಾಯಿತು, ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹುಡುಗರ ವಿಷಯದಲ್ಲಂತೂ ಎರಡನೆಯ ಮಾತಿಲ್ಲ. “ರಾಜ್ಯ ಇಲ್ಲದ ರಾಜಕುಮಾರ ಅಂದರೆ ಕೆಲಸ ಇಲ್ಲದ ಹುಡುಗ ಅಂತಲೇ ಅಲ್ವಾ? ದೋಣಿ ಕಟ್ಟುವವನಿಗೆ ಕೈಯಲ್ಲಿ ಕಸುಬು ಉಂಟು” ಎಂದರು. ಅವರಿಗೆ ಸಹಿಸಲಾಗದ್ದು ಒಂದೇ, ಆ ಹುಡುಗಿಯ ಹಸಿವು. ಇಂಥ ಕಥೆಯ ಮಕ್ಕಳು ವಾರಗಟ್ಟಲೆ ಕಾಡಿನಲ್ಲಿ ಓಡುತ್ತಾರೆ, ಯುದ್ಧ ಮಾಡುತ್ತಾರೆ, ಆದರೆ ಊಟಕ್ಕೆ ಮಾತ್ರ ಕೂರುವುದಿಲ್ಲ.

“ಅವಳು ಇವತ್ತು ಎಂತ ತಿಂದಳು?”

“ರಾಣಿಯ ಸೈನಿಕರು ಹಿಂದೆಯೇ ಇದ್ದಾರೆ ಮಾಂಯ್, ತಿನ್ನಲಿಕ್ಕೆ ಪುರುಸೊತ್ತು ಇಲ್ಲ.”

“ಮೂರು ದಿನದಿಂದ ಇದನ್ನೇ ಹೇಳುತ್ತಿ. ಇವತ್ತಾದರೂ ಏನಾದರೂ ಕೊಡು ಅವಳಿಗೆ, ಬಾಯೆ.”

ಬಾಯೆ ಅಂದರೆ ಮಗಳೇ ಎಂದ ಹಾಗೆ. ಆ ಮಾತಿಗೆ ಸೋತು ಒಬ್ಬಳು ಮುದುಕಿಯ ಗುಡಿಸಲು ಸೃಷ್ಟಿಸಿ ರೆನ್ವಿರಾಳಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದೆ. ಮಾಂಯ್‌ಗೆ ಎಷ್ಟು ಸಮಾಧಾನವಾಯಿತೆಂದರೆ, ಅವರೂ ಆ ದಿನ ಒಂದು ಸೌಟು ಹೆಚ್ಚು ಉಂಡರು. ಮುಂದೆ ಕಾಡಿನಲ್ಲಿ, ಗುಹೆಯಲ್ಲಿ, ಹಿಮದ ಬೆಟ್ಟದ ತುದಿಯಲ್ಲಿ ಸಹ ಗಂಜಿ ಸಿಗತೊಡಗಿತು. ಲೇಖಕಿ ಬರೆಯದ್ದನ್ನು ಸೇರಿಸುವ ನನ್ನ ಚಟ ಶುರುವಾದದ್ದು ಅಲ್ಲಿಂದ.

ಎರಡನೆಯ ಭಾಗದ ಕೊನೆಯಲ್ಲಿ ಕಪ್ಪು ರಾಣಿ ರೆನ್ವಿರಾಳನ್ನು ಹಿಡಿದು ಸೆರೆಯಲ್ಲಿಟ್ಟಳು. ಮೂರನೆಯ ಭಾಗ ಬರಲು ಇನ್ನೂ ಒಂದು ವರ್ಷವಿತ್ತು. ಇಂಥ ಕಡೆಯಲ್ಲಿ ಕಥೆ ನಿಲ್ಲಿಸುವವರಿಗೆ ಮಕ್ಕಳು ಮರಿ ಇಲ್ಲವಾ ಎಂದು ಮಾಂಯ್ ಎರಡು ದಿನ ಬೈದರು. ಆಮೇಲಿನ ಭಾನುವಾರ ಚರ್ಚಿನಲ್ಲಿ, ಆ ದಿನದ ಪೂಜೆ ಯಾವ ಯಾವ ಉದ್ದೇಶಕ್ಕೆ ಎಂದು ಜನರು ಬರೆದು ಕೊಟ್ಟ ಚೀಟಿಗಳನ್ನು ಫಾದರ್ ಓದುತ್ತಿದ್ದರು. ಒಬ್ಬರ ಆತ್ಮಶಾಂತಿಗೆ, ಒಬ್ಬರ ಮದುವೆಯ ಬೆಳ್ಳಿಹಬ್ಬಕ್ಕೆ, ಮತ್ತು ಕಷ್ಟದಲ್ಲಿರುವ ರೆನ್ವಿರಾಳ ಬಿಡುಗಡೆಗಾಗಿ! ನನ್ನ ಕೈಯಲ್ಲಿದ್ದ ಗೀತೆಗಳ ಪುಸ್ತಕ ಕೆಳಗೆ ಬಿತ್ತು. ಪಕ್ಕದಲ್ಲಿ ಮಾಂಯ್ ಕಣ್ಣು ಮುಚ್ಚಿ ಕೈ ಜೋಡಿಸಿ ಕುಳಿತಿದ್ದರು. ಇಡೀ ಚರ್ಚಿನಲ್ಲಿ ಯಾರಿಗೂ ಆ ಹೆಸರು ವಿಚಿತ್ರವೆನಿಸಲಿಲ್ಲ, ಯಾಕೆಂದರೆ ಅಪ್ಪನ ಹೆಸರಿನಿಂದ ಎರಡಕ್ಷರ, ಅಮ್ಮನ ಹೆಸರಿನಿಂದ ಎರಡಕ್ಷರ ತೆಗೆದು ಜೋಡಿಸಿ ನಮ್ಮವರು ಈಗ ಮಕ್ಕಳಿಗಿಡುವ ಹೆಸರುಗಳೆಲ್ಲ ಹೀಗೆಯೇ ಇರುತ್ತವೆ.

ಪೂಜೆ ಮುಗಿದು ಹೊರಗೆ ಬಂದಾಗ ನೆರೆಮನೆಯ ಜೂಲಿಯಾನಾ ಬಾಯಿ ಮಾಂಯ್ ಕೈ ಹಿಡಿದು, “ಪಾಪ, ನಿಮ್ಮ ಕಡೆಯ ಹುಡುಗಿಯಾ?” ಎಂದು ಕೇಳಿದರು. ಮಾಂಯ್ ಕಣ್ಣೊರೆಸಿಕೊಂಡು, “ಹತ್ತಿರದವಳೇ. ಕೆಟ್ಟ ಹೆಂಗಸೊಬ್ಬಳು ಹೊರಗೆ ಬಿಡುವುದಿಲ್ಲ” ಎಂದರು. ಜೂಲಿಯಾನಾ ಬಾಯಿಗೆ ಎಲ್ಲವೂ ಅರ್ಥವಾಗಿಬಿಟ್ಟಿತು. ನನ್ನ ಕಡೆಗೆ ತಿರುಗಿ ಸ್ವರ ತಗ್ಗಿಸಿ, “ಗಲ್ಫಿನಲ್ಲಾ? ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದಾಳಾ ಆ ಮೇಡಂ?” ಎಂದರು. ಅಲ್ಲ, ಅದು ಪುಸ್ತಕದ ಹುಡುಗಿ ಎಂದು ಹೇಳಲು ಒಂದು ಅರೆಕ್ಷಣ ಸಾಕಿತ್ತು. ಆದರೆ ಅಷ್ಟು ಜನರ ಎದುರು ಅತ್ತೆಯ ಮರ್ಯಾದೆ, ಅದಕ್ಕಿಂತ ಹೆಚ್ಚಾಗಿ ನನ್ನ ಮರ್ಯಾದೆ! ನಾನು ಹೂಂ ಅಂದೆ. ಆ ವಾರದಿಂದ ನಮ್ಮ ವಾರ್ಡಿನ ಪ್ರಾರ್ಥನಾಕೂಟದಲ್ಲಿ ಹನ್ನೆರಡು ಹೆಂಗಸರು ರೆನ್ವಿರಾಳ ಪಾಸ್‌ಪೋರ್ಟಿಗಾಗಿ ಪ್ರಾರ್ಥಿಸತೊಡಗಿದರು.

ಕೊನೆಗೂ ಮೂರನೆಯ ಭಾಗ ಬಂತು! ಗ್ರಂಥಾಲಯಕ್ಕೆ ಬಂದ ಪೆಟ್ಟಿಗೆ ಒಡೆದವಳು ನಾನೇ. ಹೊಸ ಕಾಗದದ ವಾಸನೆ ಮೂಗಿಗೆ ಬಡಿಯಿತು. ಅದಕ್ಕಾಗಿ ಹದಿನಾಲ್ಕು ವಿದ್ಯಾರ್ಥಿಗಳು ಹೆಸರು ಬರೆಸಿ ಕಾಯುತ್ತಿದ್ದರು, ದಿನಕ್ಕೆರಡು ಸಲ ಬಂದು ಕೇಳುತ್ತಿದ್ದರು. ಪುಸ್ತಕ ಬಂದಿದೆ, ಆದರೆ ಮುದ್ರೆ ಒತ್ತಿ ನಂಬರು ಹಾಕುವ ಕೆಲಸ ಬಾಕಿಯಿದೆ ಎಂದು ಹೇಳಿದೆ. ಅದು ಸತ್ಯ. ಆ ಕೆಲಸ ಹತ್ತು ನಿಮಿಷದ್ದು, ನಾನು ಹನ್ನೊಂದು ದಿನ ತೆಗೆದುಕೊಂಡೆ ಎಂಬುದೂ ಸತ್ಯ.

ಓದುವವಳಾಗಿ ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಮೊದಲ ಇನ್ನೂರು ಪುಟದಲ್ಲಿ ಎಲ್ಲರೂ ಬರೀ ನಡೆಯುತ್ತಾರೆ. ಬೆಟ್ಟ ಹತ್ತಿ ನಡೆಯುತ್ತಾರೆ, ಇಳಿದು ನಡೆಯುತ್ತಾರೆ, ನಡುವೆ ನಿಂತು ಒಬ್ಬರ ಮೇಲೊಬ್ಬರು ಸಂಶಯಪಡುತ್ತಾರೆ. ಕಾಪುವಿನಿಂದ ಕಾರ್ಕಳದಾಚೆಯ ಬಜಗೋಳಿಗೆ ನಡೆದಿದ್ದರೂ ಅಷ್ಟರಲ್ಲಿ ಹೋಗಿ ತಿರುಗಿ ಬರಬಹುದಿತ್ತು. ಸಿಟ್ಟಿನಿಂದ ಎರಡು ಸಲ ಪುಸ್ತಕ ಮುಚ್ಚಿ, ಎರಡು ಸಲವೂ ತಕ್ಷಣ ತೆರೆದೆ. ಆದರೆ ಮುನ್ನೂರನೆಯ ಪುಟದಲ್ಲಿ ರೆನ್ವಿರಾ ಸೆರೆಯೊಳಗೆ ಮೊದಲ ಸಲ ಗಾಳಿಯನ್ನು ಕರೆಯುತ್ತಾಳೆ ನೋಡಿ, ಅಬ್ಬಬ್ಬಾ, ನನ್ನ ಮೈಮೇಲೆ ಮುಳ್ಳೆದ್ದಿತು! ಒಂದು ಬೀಗದ ಕಿಂಡಿಯಿಂದ ಒಳಗೆ ಬರುವಷ್ಟು ಸಣ್ಣ ಗಾಳಿ. ಆ ಪುಟವನ್ನು ನಾಲ್ಕು ಸಲ ಓದಿದೆ. ರಾಜಕುಮಾರ ಯುದ್ಧಸಭೆಯಲ್ಲಿ ಮಾಡುವ ಭಾಷಣ ಮಾತ್ರ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅತಿಥಿಗಳದ್ದಕ್ಕಿಂತಲೂ ಉದ್ದ, ಅಲ್ಲಿ ನಾನು ಹಾಳೆ ಹಾರಿಸಿದೆ. ಮಾಂಯ್‌ಗೆ ಹೇಳುವಾಗ ಅವನನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಅವರೂ ಉಳಿದದ್ದನ್ನು ಕೇಳಲಿಲ್ಲ.

ಬುಧವಾರ ಸಂಜೆ ಉಡುಪಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು, ಉಳಿದದ್ದು ನಲವತ್ತು ಪುಟ. ರಾಣಿಯ ಮಂಜು ಕರಗಬೇಕಾದರೆ ದೀಪಸ್ತಂಭದಲ್ಲಿ ಎಂದೂ ಆರದ ಬೆಂಕಿ ಉರಿಯಬೇಕು, ಆ ಬೆಂಕಿ ಒಂದು ಜೀವವನ್ನು ಕೇಳುತ್ತದೆ. ಬೇಡ ಬೇಡ ಎಂದು ನಾನು ಮನಸ್ಸಿನಲ್ಲಿ ಕೂಗುತ್ತಿದ್ದಂತೆಯೇ ಸೆರೆಯಿಂದ ತಪ್ಪಿಸಿಕೊಂಡ ಆ ಹುಡುಗಿ ಮೆಟ್ಟಲು ಹತ್ತಿ, ಕಂದೀಲು ಕೆಳಗಿಟ್ಟು, ಬೆಂಕಿಯೊಳಗೆ ಹೋಗಿಯೇಬಿಟ್ಟಳು. ಕಟಪಾಡಿ ಯಾವಾಗ ಹೋಯಿತು, ಕಾಪು ಯಾವಾಗ ಹೋಯಿತು, ಒಂದೂ ತಿಳಿಯದು. ಕಂಡಕ್ಟರು ಬಂದು ಭುಜದ ಹತ್ತಿರ ಸೀಟು ತಟ್ಟಿದಾಗ ಹೆಜಮಾಡಿ ಬಂದಿತ್ತು, ನನ್ನ ಸೆರಗು ಪೂರ್ತಿ ಒದ್ದೆಯಾಗಿತ್ತು.

“ಎಂತ ಮೇಡಂ, ನೀವು ಕಾಪು ಅಲ್ವಾ? ಎಂತಾಯಿತು?”

“ಒಬ್ಬಳು ಹುಡುಗಿ ತೀರಿಕೊಂಡಳು” ಎಂದೆ. ಮುಂದೆ ವಿವರಿಸುವ ಮೊದಲೇ ಅವನು ಸೀಟಿ ಊದಿದ.

ಒಳ್ಳೆಯ ಮನುಷ್ಯ. ಬಸ್ಸು ನಿಲ್ಲಿಸಿ, ನನ್ನನ್ನು ರಸ್ತೆ ದಾಟಿಸಿ, ಉಡುಪಿ ಕಡೆಗೆ ಹೋಗುವ ಬಸ್ಸಿಗೆ ಹತ್ತಿಸಿ, ಅಲ್ಲಿಯ ಕಂಡಕ್ಟರನಿಗೆ, “ಇವರ ಮನೆಯಲ್ಲಿ ಸಾವು ಮಾರಾಯ, ಸೀಟು ಮಾಡಿಕೊಡು” ಎಂದು ಒಪ್ಪಿಸಿ ಹೋದ. ಇಬ್ಬರು ಎದ್ದು ಸ್ಥಳ ಕೊಟ್ಟರು. ನಾನು ನಾಚಿಕೆಯಿಂದಲೂ ದುಃಖದಿಂದಲೂ ಇನ್ನಷ್ಟು ಅತ್ತೆ.

ಮನೆಗೆ ಬಂದರೆ ಮಾಂಯ್ ಜಗಲಿಯಲ್ಲೇ ಕಾಯುತ್ತಿದ್ದರು. ಇವತ್ತು ಪುಸ್ತಕ ಮುಗಿಯುತ್ತದೆಂದು ಬೆಳಿಗ್ಗೆ ನಾನೇ ಹೇಳಿ ಹೋಗಿದ್ದೆ. ಕಾಲು ತೊಳೆಯಲೂ ಬಿಡದೆ, “ಬಿಟ್ಟಳಾ ಆ ರಾಣಿ? ಬಂದಳಾ ಹುಡುಗಿ ಮನೆಗೆ?” ಎಂದು ಕೇಳಿದರು. ಎಪ್ಪತ್ತಾರು ವರ್ಷದ ಮುಖದಲ್ಲಿ ಅಷ್ಟು ಆಸೆ! ನನ್ನ ಬಾಯಿಯಿಂದ ತಾನಾಗಿಯೇ, “ಬಂದಳು ಮಾಂಯ್” ಎಂದು ಬಂತು. ಒಮ್ಮೆ ಬಂದ ಮೇಲೆ ನಿಲ್ಲಿಸುವುದು ಹೇಗೆ? ಬೋರಿಕ್ ದೋಣಿ ತಂದ, ಮಂಜು ಕರಗಿತು, ಇಬ್ಬರಿಗೂ ಮದುವೆಯಾಯಿತು, ಮದುವೆಗೆ ಬ್ಯಾಂಡು ಇತ್ತು, ಕೋಳಿ ಇತ್ತು, ಸನ್ನಾಸ್ ಇತ್ತು. ಲೇಖಕಿ ಆರುನೂರು ಪುಟ ಕಷ್ಟಪಟ್ಟು ಕಟ್ಟಿದ ದುರಂತವನ್ನು ನಾನು ಇಡ್ಲಿಯಂಥ ಸನ್ನಾಸ್‌ನಿಂದ ಮುಚ್ಚಿಬಿಟ್ಟೆ. ಮಾಂಯ್ ಚಪ್ಪಾಳೆ ತಟ್ಟಿದರು. ಬೆಳಗಾಗುವವರೆಗೂ ಕಾಯದೆ ಕಾರ್ಕಳಕ್ಕೆ ಫೋನು ಹೋಯಿತು, ಅಲ್ಲಿಂದಲೂ ಜೋರು ನಗು ಕೇಳಿಸಿತು. ಲೇಖಕಿಗಿಂತ ನನಗೇ ಕಥೆ ಮುಗಿಸಲು ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆಯಿಂದ ಎರಡು ದಿನ ಓಡಾಡಿದೆ.

ಶುಕ್ರವಾರ ಚಹಾ ಕುಡಿಯುವಾಗ ಮಾಂಯ್ ಹೇಳಿದರು, “ಭಾನುವಾರ ರೆನ್ವಿರಾಳಿಗೆ ಕೃತಜ್ಞತೆಯ ಪೂಜೆ ಕೊಡುವ. ಕೇಳುವಾಗ ಕೇಳಿ, ಸಿಕ್ಕಿದ ಮೇಲೆ ಸುಮ್ಮನಿರುವುದು ಚಂದವಲ್ಲ.” ನಗಬೇಕಾದ ವಿಷಯವೇ. ಆದರೆ ನನಗೆ ಬೇರೊಂದು ಪೂಜೆ ನೆನಪಾಯಿತು. ನಾನು ಮದುವೆಯಾಗಿ ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಮಾವ ಬಹರೈನ್‌ನಲ್ಲಿ ಕೆಲಸದಲ್ಲಿದ್ದರು, ಅಲ್ಲೇ ಹೃದಯ ನಿಂತು ತೀರಿಕೊಂಡರು. ಸುದ್ದಿ ಬಂದಾಗ ಹಿರಿಯರೆಲ್ಲ ಸೇರಿ, ಮಾಂಯ್‌ಗೆ ಈಗಲೇ ಹೇಳುವುದು ಬೇಡ, ಆಸ್ಪತ್ರೆಯಲ್ಲಿದ್ದಾರೆ ಎನ್ನುವ ಎಂದು ತೀರ್ಮಾನಿಸಿದರು. ಮರುದಿನ ಬೆಳಿಗ್ಗೆ ಮಾಂಯ್ ಗಂಡ ಗುಣವಾಗಲೆಂದು ಪೂಜೆ ಕೊಟ್ಟರು. ಗಂಡ ಆಗಲೇ ಇಲ್ಲವೆಂದು ತಿಳಿದಿದ್ದೂ ಅವರ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಗುಣವಾಗುತ್ತಾರೆ ಮಾಂಯ್ ಎಂದವಳು ನಾನು. ಆ ಬಗ್ಗೆ ಅವರು ಆವರೆಗೆ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಇನ್ನೊಮ್ಮೆ ಸುಳ್ಳಿನ ಮೇಲೆ ಅವರನ್ನು ಮೊಣಕಾಲೂರಿಸುವುದು ನನ್ನಿಂದಾಗದು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಮಾಂಯ್ ಕನ್ನಡಕ ಹಾಕಿ ಚರ್ಚಿಗೆ ಕೊಡುವ ಚೀಟಿ ಬರೆಯುತ್ತಿದ್ದರು.

“ಮಾಂಯ್, ಬರೆಯಬೇಡಿ. ಅವಳು ಬರಲಿಲ್ಲ.”

“ಯಾರು?”

“ರೆನ್ವಿರಾ. ಅವಳು ತೀರಿಕೊಂಡಳು. ನಾನು ಸುಳ್ಳು ಹೇಳಿದ್ದು.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಯಾವಾಗ?”

“ಐನೂರ ತೊಂಬತ್ತನೆಯ ಪುಟದಲ್ಲಿ.”

“ನಿನಗೆ ಯಾವಾಗ ಗೊತ್ತಾದದ್ದು ಅಂತ ಕೇಳಿದ್ದು.”

“ಬುಧವಾರ.”

“ಇವತ್ತು ಶನಿವಾರ. ನಿನ್ನ ಮಾವ ಹೋದಾಗಲೂ ನನಗೆ ಹೇಳಲು ಮೂರು ದಿನವೇ ಆಗಿತ್ತು” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಚೀಟಿಯನ್ನು ಪಕ್ಕಕ್ಕೆ ಸರಿಸಿ, “ಪುಸ್ತಕ ತಾ. ಇದ್ದ ಹಾಗೆ ಓದು. ಗಂಜಿ ಗಿಂಜಿ ಎಂತದೂ ಬೇಡ” ಎಂದರು. ಗಂಜಿಯ ವಿಷಯವೂ ಅವರಿಗೆ ತಿಳಿದಿತ್ತು!

ಕೊನೆಯ ನಲವತ್ತು ಪುಟಗಳನ್ನು ಸಾಲು ಸಾಲಾಗಿ ಕೊಂಕಣಿಯಲ್ಲಿ ಹೇಳುತ್ತಾ ಹೋದೆ. ಬಸ್ಸಿನಲ್ಲಿ ಕಣ್ಣೀರಿನ ನಡುವೆ ನಾನು ಓದದೆ ಬಿಟ್ಟದ್ದು ಎಷ್ಟೊಂದು ಇತ್ತು! ಅವಳು ಬೆಂಕಿಯಾದ ಮೇಲೆ, ಕಾಣೆಯಾದ ಹಡಗುಗಳು ಒಂದೊಂದಾಗಿ ದಡಕ್ಕೆ ಬರುತ್ತವೆ. ಬೋರಿಕ್ ಮದುವೆಯಾಗುವುದಿಲ್ಲ, ಸಾಯುವುದೂ ಇಲ್ಲ, ದೋಣಿ ಕಟ್ಟುತ್ತಾನೆ. ದಿನಾ ಸಂಜೆ ದೀಪಸ್ತಂಭದ ಕೆಳಗೆ ಕುಳಿತು, ಇವತ್ತು ಯಾರ ದೋಣಿ ಮುಗಿಯಿತು, ಯಾರಿಗೆ ಎಷ್ಟು ಮೀನು ಸಿಕ್ಕಿತು ಎಂದು ಬೆಳಕಿಗೆ ಹೇಳುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಮೊದಲ ಇನ್ನೂರು ಪುಟದ ನಡಿಗೆಗೆಲ್ಲ ನಾನು ಆ ಕ್ಷಣದಲ್ಲಿ ಲೇಖಕಿಯನ್ನು ಕ್ಷಮಿಸಿದೆ. ಎಂಥ ಪುಸ್ತಕ! ಅದರ ಮೇಲೆ ಸನ್ನಾಸ್ ಬಡಿಸಿದ ನನ್ನನ್ನು ಯಾರು ಕ್ಷಮಿಸಬೇಕು?

ನಾನು ಮೂಗು ಒರೆಸಿಕೊಳ್ಳುತ್ತಾ ಕುಳಿತಿದ್ದೆ. ಮಾಂಯ್ ಕಣ್ಣು ಒದ್ದೆಯಾಗಿರಲಿಲ್ಲ. ಗೋಡೆಯ ಮೇಲಿನ ಮಾವನ ಫೋಟೋ ನೋಡುತ್ತಾ, “ಸರಿಯಾಗಿಯೇ ಬರೆದಿದ್ದಾಳೆ. ನಾನೂ ಸಂಜೆಗೆ ಇವರಿಗೆ ಮೀನಿನ ರೇಟು ಹೇಳುವುದಿಲ್ಲವಾ?” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, “ಅವಳು ಸತ್ತದ್ದನ್ನು ತಡೆದುಕೊಳ್ಳಲಿಕ್ಕೆ ನನಗೆ ಆಗುತ್ತದೆ ಬಾಯೆ. ನಿನಗೆ ಆಗುವುದಿಲ್ಲ. ಅದಕ್ಕೆ ನೀನು ನನಗೆ ಸುಳ್ಳು ಹೇಳಿದ್ದು” ಎಂದರು. ಇಪ್ಪತ್ತೆರಡು ವರ್ಷದಿಂದ ನಾನು ಅವರನ್ನು ನೋಡಿಕೊಳ್ಳುತ್ತಿದ್ದೇನೆಂದು ತಿಳಿದಿದ್ದೆ. ಆ ಹೊತ್ತಿಗೆ ಅದರ ಬಗ್ಗೆಯೂ ಸಂಶಯ ಬಂತು. ಇನ್ನು ಯಾವ ವಿಷಯದಲ್ಲೂ ಬಾಯಿಯಿಂದ ಸುಳ್ಳು ಬರಬಾರದೆಂದು ಗಟ್ಟಿಯಾಗಿ ನಿಶ್ಚಯಿಸಿ, ಪುಸ್ತಕಕ್ಕೆ ಅಲ್ಲೇ ನಂಬರು ಬರೆದು ಬ್ಯಾಗಿಗೆ ಹಾಕಿದೆ. ಮಾಂಯ್ ಹಳೆಯ ಚೀಟಿ ಹರಿದು ಇನ್ನೊಂದು ಬರೆದದ್ದನ್ನು ನೋಡಿದೆ. ಅದರಲ್ಲಿ ಏನಿದೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಭಾನುವಾರ ಫಾದರ್ ಎಂದಿನಂತೆ ಉದ್ದೇಶಗಳನ್ನು ಓದಿದರು. ಕೊನೆಯದು, “ದುಃಖದಲ್ಲಿರುವ ಫ್ಲೇವಿಯಾಳಿಗೆ ಸಾಂತ್ವನ ಸಿಗಲೆಂದು ಅವಳ ಅತ್ತೆಯ ಪ್ರಾರ್ಥನೆ.” ಫ್ಲೇವಿಯಾ ಎಂದರೆ ನಾನು. ಎಡಬಲದ ಬೆಂಚುಗಳ ತಲೆಗಳೆಲ್ಲ ನನ್ನ ಕಡೆಗೆ ತಿರುಗಿದುವು. ಹಿಂದಿನ ಸಾಲಿನಿಂದ ಜೂಲಿಯಾನಾ ಬಾಯಿ ಬಾಗಿ ನನ್ನ ಭುಜ ಹಿಡಿದು, “ಎಂತಾಯಿತು ಫ್ಲೇವಿ? ಗಲ್ಫಿನಿಂದ ಏನಾದರೂ ಸುದ್ದಿ ಬಂತಾ? ರೆನ್ವಿರಾಳದ್ದಾ?” ಎಂದು ಪಿಸುಗುಟ್ಟಿದರು.

ಸುಳ್ಳು ಹೇಳುವುದಿಲ್ಲವೆಂದು ನಿಶ್ಚಯಿಸಿ ಇನ್ನೂ ಒಂದು ದಿನವೂ ಆಗಿರಲಿಲ್ಲ. “ತೀರಿಕೊಂಡಳು ಬಾಯಿ” ಎಂದೆ. ಶುದ್ಧ ಸತ್ಯವಾದ್ದರಿಂದ ಜೊತೆಗೆ ಅಳುವೂ ತಡೆಯಲಾರದೆ ಬಂತು. ಜೂಲಿಯಾನಾ ಬಾಯಿ ಎದೆಗೆ ಕೈಯಿಟ್ಟುಕೊಂಡು ತಮ್ಮ ಕರವಸ್ತ್ರ ನನಗೆ ಕೊಟ್ಟರು.

ಪಕ್ಕದಲ್ಲಿ ಮಾಂಯ್ ಕಣ್ಣು ತೆರೆಯದೆ, ಜೋಡಿಸಿದ ಕೈ ಬಿಡಿಸದೆ, ನನಗೆ ಮಾತ್ರ ಕೇಳುವಂತೆ ಹೇಳಿದರು: “ಪುಸ್ತಕದಲ್ಲಿ ಅಂತಲೂ ಹೇಳು, ಬಾಯೆ.”